ತೆಂಗಿನಕಾಯಿ ಸೂರ್ಯ, ರಾಗಿಕಾಳು ಭೂಮಿ

(ತಿಪಟೂರು ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹರೂಪ)



ಸೌರವ್ಯೂಹದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಮ್ಮ ಮೇಷ್ಟರು ನನ್ನನ್ನು ಕರೆದಿದ್ದಾರೆ. ಏನೇನು ಸಲಕರಣೆ ಬೇಕು ಎಂದು ಅವರು ಕೇಳಿದಾಗ, ಒಂದು ತೆಂಗಿನಕಾಯಿ, ಒಂದು ಹಿಡಿ ರಾಗಿ, ಅಡುಗೆಮನೆಯ ಇನ್ನೆರಡು ಡಬ್ಬಿ ಸಾಕು ಎಂದೆ. ಅವರು ನಕ್ಕರು. ಇಲ್ಲಿ ಆ ಪದಾರ್ಥಗಳಿಗೆ ಬರವಿಲ್ಲ. ಆಮೇಲೆ ನಾವೆಲ್ಲ ಎದುರಿನ ತೋಟಕ್ಕೆ ಹೋಗೋಣ.

ಮೊದಲು ಒಂದು ಪ್ರಶ್ನೆ. ಗ್ರಹಗಳು ಎಷ್ಟು? ಎಂಟು ಎಂದು ಎಲ್ಲರೂ ಒಂದೇ ಧ್ವನಿಯಲ್ಲಿ ಹೇಳಿದಿರಿ. ಸರಿ. ಇವತ್ತು ಮನೆಗೆ ಹೋಗಿ ಅಪ್ಪ ಅಮ್ಮನನ್ನು ಕೇಳಿ. ಒಂಬತ್ತು ಎನ್ನುತ್ತಾರೆ. ಅಜ್ಜಿಯನ್ನು ಕೇಳಿ. ಅವರೂ ಒಂಬತ್ತು ಎನ್ನುತ್ತಾರೆ. ಆದರೆ ಅಪ್ಪನ ಒಂಬತ್ತು ಬೇರೆ, ಅಜ್ಜಿಯ ಒಂಬತ್ತು ಬೇರೆ. ಒಂದೇ ಮನೆಯಲ್ಲಿ ಮೂರು ಲೆಕ್ಕ!

ಅಪ್ಪ ಅಮ್ಮ ಶಾಲೆಯಲ್ಲಿ ಓದುವಾಗ ಪ್ಲೂಟೊ ಕೂಡ ಗ್ರಹವಾಗಿತ್ತು. 1930ರಲ್ಲಿ ಅದನ್ನು ಕಂಡುಹಿಡಿದಿದ್ದರು. ನಮ್ಮ ಚಂದ್ರನಿಗಿಂತ ಚಿಕ್ಕದಾದ ಕಾಯ ಅದು. ಅಂಥವು ಆ ದೂರದಲ್ಲಿ ಇನ್ನೂ ಅನೇಕ ಸಿಕ್ಕಿದ ಮೇಲೆ, 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳು ಅದನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿದರು. ಹೀಗೆ ಒಂಬತ್ತು ಹೋಗಿ ಎಂಟಾಯಿತು.

ಅಜ್ಜಿಯ ಒಂಬತ್ತೆಂದರೆ ಗುಡಿಯಲ್ಲಿ ನೀವು ಪ್ರದಕ್ಷಿಣೆ ಹಾಕುವ ನವಗ್ರಹಗಳು: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಈ ಪಟ್ಟಿಯನ್ನು ನಿಮ್ಮ ಪಠ್ಯಪುಸ್ತಕದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಅಜ್ಜಿಯ ಪಟ್ಟಿಯಲ್ಲಿ ಸೂರ್ಯನಿದ್ದಾನೆ, ನಿಮ್ಮದರಲ್ಲಿ ಅವನು ನಕ್ಷತ್ರ. ಅಲ್ಲಿ ಚಂದ್ರನಿದ್ದಾನೆ, ಇಲ್ಲಿ ಅವನು ಉಪಗ್ರಹ. ಯುರೇನಸ್, ನೆಪ್ಚೂನ್ ಅಲ್ಲಿಲ್ಲ. ದೂರದರ್ಶಕ ಬಂದ ಮೇಲೆ, 1781ರಲ್ಲಿ ಒಂದು, 1846ರಲ್ಲಿ ಇನ್ನೊಂದು ಗ್ರಹವೆಂದು ಗುರುತಾದವು. ಇವೆಲ್ಲ ಇರಲಿ. ಅಜ್ಜಿಯ ಪಟ್ಟಿಯಲ್ಲಿ ಇನ್ನೂ ಒಂದು ಹೆಸರಿಲ್ಲ. ಯಾವುದು? ಹಿಂದಿನ ಬೆಂಚಿನ ಹುಡುಗಿ ಸರಿಯಾಗಿ ಹೇಳಿದಳು. ಭೂಮಿ.

ಹಾಗೆಂದು ಅಜ್ಜಿಯ ಪಟ್ಟಿ ಮಾಡಿದವರು ದಡ್ಡರಲ್ಲ. ರಾತ್ರಿಯ ನಕ್ಷತ್ರಗಳು ಒಂದಕ್ಕೊಂದು ಜಾಗ ಬದಲಿಸದೆ ಇಡೀ ಗುಂಪಾಗಿ ಮೂಡಿ ಮುಳುಗುತ್ತವೆ. ಆ ಗುಂಪಿನ ನಡುವೆ ಜಾಗ ಬದಲಿಸುತ್ತ ಅಲೆಯುವ ಏಳು ಕಾಯಗಳನ್ನು ಅವರು ಬರಿಗಣ್ಣಿನಿಂದ ಗುರುತಿಸಿದರು. ಸೂರ್ಯ, ಚಂದ್ರ ಮತ್ತು ಐದು ಗ್ರಹಗಳು. ಆ ಏಳರ ಹೆಸರು ಇಂದಿಗೂ ನಿಮ್ಮ ಶಾಲೆಯ ವೇಳಾಪಟ್ಟಿಯಲ್ಲಿದೆ: ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ರಾಹು ಕೇತುಗಳಿಗೆ ಒಂದೊಂದು ವಾರ ಸಿಗದಿರಲು ಕಾರಣ, ಅವು ಕಣ್ಣಿಗೆ ಕಾಣುವ ಕಾಯಗಳಲ್ಲ. ಆಕಾಶದಲ್ಲಿ ಸೂರ್ಯನ ದಾರಿಯನ್ನು ಚಂದ್ರನ ದಾರಿ ಕತ್ತರಿಸುವ ಎರಡು ಬಿಂದುಗಳು, ಅಷ್ಟೆ. ಗ್ರಹಣದ ಲೆಕ್ಕಕ್ಕೆ ಅವು ಬೇಕು.

ಅಂದು ನೋಡುವವನು ನಿಂತ ನೆಲ ಮಾತ್ರ ಲೆಕ್ಕಕ್ಕೆ ಬರಲಿಲ್ಲ. ನೆಲ ನೆಲವೇ, ಗ್ರಹಗಳೆಲ್ಲ ಮೇಲೆ. ಕ್ರಿ.ಶ. 499ರಲ್ಲಿ ಆರ್ಯಭಟ ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂದ. ದೋಣಿಯಲ್ಲಿ ಸಾಗುವವನಿಗೆ ದಡದ ಮರಗಳು ಹಿಂದಕ್ಕೆ ಹೋದಂತೆ ಕಾಣುತ್ತವಲ್ಲ, ಆ ಹೋಲಿಕೆಯನ್ನೂ ಕೊಟ್ಟ. ನಮಗಿಲ್ಲಿ ದೋಣಿ ಬೇಡ. ತುರುವೇಕೆರೆ ಬಸ್ಸಿನ ಕಿಟಕಿಯಲ್ಲಿ ಕೂತರೆ ತೆಂಗಿನ ಮರಗಳೆಲ್ಲ ಹಿಂದಕ್ಕೆ ಓಡುತ್ತವೆ. ಮುಂದೆ 1543ರಲ್ಲಿ ಪ್ರಕಟವಾದ ಕೊಪರ್ನಿಕಸ್‌ನ ಗ್ರಂಥ ಭೂಮಿಯನ್ನು ಉಳಿದ ಗ್ರಹಗಳ ಜೊತೆಗೆ ಸೂರ್ಯನ ಸುತ್ತ ಓಡಿಸಿತು. ಅಜ್ಜಿಯ ಪಟ್ಟಿಯಿಂದ ನಿಮ್ಮ ಪಟ್ಟಿಗೆ ಬರುವಾಗ ಆದ ದೊಡ್ಡ ಬದಲಾವಣೆ ಪ್ಲೂಟೊ ಹೋದದ್ದಲ್ಲ, ಭೂಮಿ ಬಂದದ್ದು. ಈಗ ನೀವು ಕಾಲೂರಿ ನಿಂತಿರುವುದೂ ಒಂದು ಗ್ರಹದ ಮೇಲೆಯೇ. ಇವತ್ತಿನ ಮಾತಿನಲ್ಲಿ ಇಷ್ಟನ್ನು ನೆನಪಿಟ್ಟರೆ ಸಾಕು.

ಇನ್ನು ಗೋಡೆಯ ಮೇಲಿರುವ ಆ ಚಿತ್ರಪಟವನ್ನು ನೋಡಿ. ನಡುವೆ ಹಳದಿ ಸೂರ್ಯ, ಸುತ್ತ ಬಣ್ಣಬಣ್ಣದ ಎಂಟು ಚೆಂಡುಗಳು. ನಮ್ಮ ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ಹೋದವರು ಅಲ್ಲಿಯ ಚಾವಣಿ ನೋಡಿರುತ್ತೀರಿ. ನೊಳಂಬರ ಕಾಲದ, 9ನೇ ಶತಮಾನದ ಕೆಲಸ. ನಡುವೆ ನಾಟ್ಯವಾಡುವ ಶಿವ, ಸುತ್ತ ಎಂಟು ದಿಕ್ಪಾಲಕರು. ದಿಕ್ಕುಗಳು ಎಷ್ಟು ದೂರ ಹೋದರೂ ಮುಗಿಯುವುದಿಲ್ಲ; ಆದರೂ ಶಿಲ್ಪಿ ಅವೆಲ್ಲವನ್ನೂ ಒಂದು ಚಾವಣಿಯಲ್ಲಿ ಅಡಕ ಮಾಡಿದ. ಚಿತ್ರಪಟ ಬರೆದವರ ಕಷ್ಟವೂ ಅದೇ. ಅವರು ಸೌರವ್ಯೂಹವನ್ನು ಗೋಡೆಗೆ ಹಿಡಿಸಬೇಕು. ಹಾಗಾಗಿ ಗ್ರಹಗಳನ್ನು ಹಿಗ್ಗಿಸಿ ದೂರವನ್ನು ಕುಗ್ಗಿಸಿದ್ದಾರೆ. ತಪ್ಪೇನಲ್ಲ, ಆದರೆ ಅದನ್ನೇ ನಿಜವೆಂದು ನಂಬಬಾರದು. ನಿಜದ ಅಳತೆ ಬೇಕಾದರೆ ಗೋಡೆ ಸಾಲದು, ತೋಟವೇ ಬೇಕು. ಬನ್ನಿ.

ಈ ಕಾಯಿ ನೋಡಿ. ಸಿಪ್ಪೆ ಸುಲಿಯದ ಇಡೀ ಕಾಯಿ. ಅಡ್ಡಕ್ಕೆ ಅಳೆದು, 14 ಸೆಂಟಿಮೀಟರು ಇರುವುದನ್ನೇ ಆರಿಸಿದ್ದೇವೆ. ಇದು ಸೂರ್ಯ. ನಿಜವಾದ ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರು. ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಸೆಂಟಿಮೀಟರಿಗೆ ಒಂದು ಲಕ್ಷ ಕಿಲೋಮೀಟರು. ಭೂಮಿಯ ಅಡ್ಡಳತೆ 12,700 ಕಿ.ಮೀ.ಗೆ ತುಸು ಹೆಚ್ಚು. ಹಾಗಾದರೆ ನಮ್ಮ ಭೂಮಿ ಒಂದು ಮಿಲಿಮೀಟರಿಗಿಂತ ಕೊಂಚ ದೊಡ್ಡದು: ಒಂದು ಸಣ್ಣ ರಾಗಿಕಾಳು. ಅಂಥ 109 ಕಾಳುಗಳನ್ನು ಸಾಲಾಗಿಟ್ಟರೆ ಕಾಯಿಯ ಅಗಲ. ಕಾಯಿಯ ಗಾತ್ರವನ್ನು ತುಂಬಲು ಸುಮಾರು 13 ಲಕ್ಷ ಕಾಳು ಬೇಕು.

ಈ ಕಾಯಿಯನ್ನು ಸಾಲಿನ ಮೊದಲ ಮರದ ಬುಡದಲ್ಲಿ ಇಟ್ಟಿದ್ದೇವೆ. ತೋಟದಲ್ಲಿ ಮರದಿಂದ ಮರಕ್ಕೆ 30 ಅಡಿ, ಅಂದರೆ 9 ಮೀಟರು. ಬುಧ ಗ್ರಹ ರವೆಯ ಒಂದು ಕಣ. ಅದರ ಜಾಗ ಕಾಯಿಯಿಂದ ಸುಮಾರು 6 ಮೀಟರು. ಪಕ್ಕದ ಮರ ಇನ್ನೂ ಸಿಕ್ಕಿಲ್ಲ. ಆ ಮರ ದಾಟಿ ಎರಡು ಹೆಜ್ಜೆ ಹಾಕಿದರೆ, 11 ಮೀಟರಿನ ಹತ್ತಿರ, ಶುಕ್ರ. ಅದೂ ಒಂದು ರಾಗಿಕಾಳೇ, ಭೂಮಿಗಿಂತ ತುಸು ಸಣ್ಣದು. ಸರಿಯಾಗಿ 15 ಮೀಟರಿಗೆ ನಮ್ಮ ಭೂಮಿ. ಎರಡನೆಯ ಮರ ಇನ್ನೂ ಮುಂದಿದೆ. ಚಂದ್ರ ಚಿರೋಟಿ ರವೆಯ ಕಣ. ಭೂಮಿಯಿಂದ 4 ಸೆಂಟಿಮೀಟರಿಗೂ ಕಡಿಮೆ, ಎರಡು ಬೆರಳಿನ ಅಗಲ. ಮನುಷ್ಯ ಸ್ವತಃ ಭೂಮಿ ಬಿಟ್ಟು ಹೋಗಿ ಬಂದಿರುವುದು ಆ ಎರಡು ಬೆರಳಿನಷ್ಟು ದೂರಕ್ಕೆ ಮಾತ್ರ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿದದ್ದೂ ಅಲ್ಲಿಯೇ.

ಮಂಗಳ ಒಂದು ಗಸಗಸೆ ಕಾಳು, ಸೂರ್ಯನಿಂದ 23 ಮೀಟರು. ಎರಡನೆಯ ಮತ್ತು ಮೂರನೆಯ ಮರಗಳ ನಡುವೆ. ಇಲ್ಲಿಯವರೆಗೆ ಎಲ್ಲ ಹತ್ತಿರ ಹತ್ತಿರ. ಇನ್ನು ನಡೆಯಬೇಕು. ಗುರು ಗ್ರಹ ನಿಮ್ಮ ಜೇಬಿನ ಗೋಲಿ. ಗ್ರಹಗಳಲ್ಲೆಲ್ಲ ದೊಡ್ಡವನು, ಅವನ ಜಾಗ 78 ಮೀಟರು, ಎಂಟನೆಯ ಮರ ದಾಟಿದ ಮೇಲೆ. ಶನಿ ಒಂದು ಬೇವಿನ ಹಣ್ಣಿನಷ್ಟು, ಹದಿನಾರನೆಯ ಮರದ ಬುಡದಲ್ಲಿ. ಯುರೇನಸ್ ಒಂದು ಕಾಳುಮೆಣಸು, ಮೂವತ್ತೆರಡನೆಯ ಮರ. ಅಂದರೆ ಶನಿಗೆ ಎಷ್ಟು ನಡೆದಿರೋ ಮತ್ತೆ ಅಷ್ಟೇ ನಡೆಯಬೇಕು. ನೆಪ್ಚೂನ್ ಇನ್ನೊಂದು ಕಾಳುಮೆಣಸು, ಐವತ್ತನೆಯ ಮರ. 450 ಮೀಟರು. ಅಷ್ಟು ಹೊತ್ತಿಗೆ ನಾವು ಈ ತೋಟ ದಾಟಿ, ಬೇಲಿ ಹಾರಿ, ಬೇರೆ ಯಾರದೋ ತೋಟದಲ್ಲಿ ಇರುತ್ತೇವೆ.

ಒಮ್ಮೆ ತಿರುಗಿ ನೋಡಿ. ಐವತ್ತು ಮರಗಳ ಉದ್ದಕ್ಕೆ ನಾವು ಇಟ್ಟದ್ದು ಏನು? ಒಂದು ತೆಂಗಿನಕಾಯಿ, ಒಂದು ಗೋಲಿ, ಒಂದು ಬೇವಿನ ಹಣ್ಣು, ಎರಡು ಮೆಣಸು, ಎರಡು ರಾಗಿಕಾಳು, ಒಂದು ಗಸಗಸೆ, ಒಂದು ರವೆ. ಉಳಿದದ್ದೆಲ್ಲ ಬಯಲು. ಸಣ್ಣಪುಟ್ಟ ಕಲ್ಲು, ದೂಳು, ಧೂಮಕೇತುಗಳು ಅಲ್ಲಿ ಇವೆ, ನಿಜ; ಆದರೆ ನಮ್ಮ ಅಳತೆಯಲ್ಲಿ ಅವು ಕಣ್ಣಿಗೇ ಕಾಣುವುದಿಲ್ಲ. ಚಿತ್ರಪಟದಲ್ಲಿ ಇಲ್ಲದಿರುವುದು ಈ ಬಯಲು.

ಬೆಳಕು ಈ ತೋಟದಲ್ಲಿ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಯಾರಾದರೂ ಹೇಳಬಲ್ಲಿರಾ? ನಿಜವಾದ ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸೆಕೆಂಡಿಗೆ ಬರೀ 3 ಸೆಂಟಿಮೀಟರು. ಅವಸರವಿಲ್ಲದ ಒಂದು ಇರುವೆ ಎಂದುಕೊಳ್ಳಿ. ಆ ಇರುವೆ ಕಾಯಿಯಿಂದ ಹೊರಟು ರಾಗಿಕಾಳನ್ನು ಮುಟ್ಟಲು 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ತೆಗೆದುಕೊಳ್ಳುವ ಸಮಯ ಅಷ್ಟೇ ತಾನೆ? ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಂಖ್ಯೆ ಈಗ ನಿಮ್ಮ ಕಾಲ ಬುಡದಲ್ಲಿ ಹರಿದು ಹೋಯಿತು. ಅದೇ ಇರುವೆ ನೆಪ್ಚೂನ್ ಮುಟ್ಟಲು 4 ಗಂಟೆ 10 ನಿಮಿಷ ಬೇಕು.

1977ರಲ್ಲಿ ಹೊರಟ ಅಮೆರಿಕದ ವಾಯೇಜರ್-1 ನೌಕೆ ಈಗ 2,500 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಮನುಷ್ಯ ಮಾಡಿದ ಯಾವ ವಸ್ತುವೂ ಅಷ್ಟು ದೂರ ಹೋಗಿಲ್ಲ. ನಮ್ಮ ಅಳತೆಯಲ್ಲಿ ಅದು ಇಲ್ಲಿಂದ ಎರಡೂವರೆ ಕಿಲೋಮೀಟರು, ಪಕ್ಕದ ಹಳ್ಳಿ. ಹಾಗಾದರೆ ಸೂರ್ಯನನ್ನು ಬಿಟ್ಟು ಅತಿ ಹತ್ತಿರದ ಇನ್ನೊಂದು ನಕ್ಷತ್ರವನ್ನು ಎಲ್ಲಿಡೋಣ? ತುಮಕೂರಿನಲ್ಲೇ? ಬೆಂಗಳೂರಿನಲ್ಲೇ? ಇಲ್ಲ. 4,000 ಕಿಲೋಮೀಟರು ದೂರ. ಉತ್ತರಕ್ಕೆ ಹೊರಟರೆ ಕಾಶ್ಮೀರ ದಾಟಿ, ಹಿಮಾಲಯ ದಾಟಿ, ಕಜಾಕಿಸ್ತಾನದಲ್ಲಿ ಅದನ್ನು ಇಡಬೇಕು.

ದೂರವಾಯಿತು, ಇನ್ನು ಕಾಲ. ಭೂಮಿ ಒಂದು ಸುತ್ತು ಬರುವುದು ಒಂದು ವರ್ಷಕ್ಕೆ. ನಿಮ್ಮ ಮನೆಯ ಅಟ್ಟದ ಮೇಲೆ ಹಾಕಿದ ಕಾಯಿ ನೀರಾರಿ ಉಂಡೆ ಕೊಬ್ಬರಿಯಾಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ. ಗುರು ಸುತ್ತಿ ಬರಲು ಸುಮಾರು 12 ವರ್ಷ. ಏಳನೇ ತರಗತಿಯ ಮಕ್ಕಳು ಹುಟ್ಟಿದಾಗ ಅವನು ಎಲ್ಲಿದ್ದನೋ ಮತ್ತೆ ಅಲ್ಲಿಗೇ ಬಂದಿದ್ದಾನೆ. ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಯುರೇನಸ್‌ಗೆ 84, ತೆಂಗಿನ ಮರವೊಂದರ ಆಯುಷ್ಯದಷ್ಟು. ನೆಪ್ಚೂನ್‌ಗೆ ಸುಮಾರು 165. 1846ರಲ್ಲಿ ಕಂಡುಹಿಡಿದ ಮೇಲೆ ಅದು ಮೊದಲ ಸುತ್ತು ಮುಗಿಸಿದ್ದು 2011ರಲ್ಲಿ.

ಇಲ್ಲಿ ಹಿರಿಯರಿಗೂ ಒಂದು ಮಾತು. ‘ಸಾಡೇಸಾತಿ’, ಏಳೂವರೆ ವರ್ಷದ ಶನಿಕಾಟ ಎಂಬ ಮಾತು ನಮ್ಮ ಮನೆಗಳಲ್ಲಿ ಇದ್ದೇ ಇದೆ. ಆ ಏಳೂವರೆ ಎಲ್ಲಿಂದ ಬಂತು? ಆಕಾಶದ ದಾರಿಯನ್ನು 12 ರಾಶಿಗಳಾಗಿ ಹಂಚಿದ್ದಾರೆ. ಶನಿ ಆ 12ನ್ನು ಸುತ್ತಲು ಸುಮಾರು 30 ವರ್ಷ ತೆಗೆದುಕೊಂಡರೆ ಒಂದು ರಾಶಿಗೆ ಎರಡೂವರೆ ವರ್ಷ. ನಮ್ಮ ರಾಶಿ, ಅದರ ಹಿಂದಿನದು, ಮುಂದಿನದು, ಮೂರು ಸೇರಿ ಏಳೂವರೆ. ಲೆಕ್ಕ ಚೆನ್ನಾಗಿದೆ. ‘ಶನೈಶ್ಚರ’ ಎಂಬ ಹೆಸರಿನ ಅರ್ಥವೂ ನಿಧಾನವಾಗಿ ನಡೆಯುವವನು ಎಂದೇ. ನೋಡಿ ತಿಳಿದು ಇಟ್ಟ ಹೆಸರು ಅದು. ಆದರೆ ಆ ಬೇವಿನ ಹಣ್ಣು ಹದಿನಾರನೆಯ ಮರದ ಬುಡದಲ್ಲಿ ನಿಧಾನವಾಗಿ ಉರುಳುತ್ತಿದೆ ಎಂಬ ಕಾರಣಕ್ಕೆ, ಈ ರಾಗಿಕಾಳಿನ ಮೇಲೆ ಯಾವುದೋ ಒಂದು ಮನೆಯ ಕೊಳವೆ ಬಾವಿ ಬತ್ತೀತೇ? ಕೊಬ್ಬರಿ ಬೆಲೆ ಬಿದ್ದೀತೇ? ಬಾವಿ ಬತ್ತುವುದಕ್ಕೆ, ಬೆಲೆ ಬೀಳುವುದಕ್ಕೆ ಕಾರಣಗಳು ಈ ನೆಲದ ಮೇಲೆಯೇ ಇವೆ. ಅವನ್ನು ಹುಡುಕುವ ಕೆಲಸ ಬಿಟ್ಟು ಶಾಂತಿಗೆ ಸಾಲ ಮಾಡಿದರೆ ಬಾವಿಯೂ ತುಂಬುವುದಿಲ್ಲ, ಸಾಲವೂ ತೀರುವುದಿಲ್ಲ.

ಇನ್ನೊಂದು ಕುಜದೋಷ. ಕುಜನೆಂದರೆ ಮಂಗಳ. ನಮ್ಮ ತೋಟದಲ್ಲಿ ಒಂದು ಗಸಗಸೆ ಕಾಳು. ಅದರ ಹೆಸರಿನಲ್ಲಿ ಎಷ್ಟು ಹೆಣ್ಣುಮಕ್ಕಳ ಮದುವೆಗಳು ಮುರಿದುಬಿದ್ದಿವೆ, ಎಷ್ಟು ಮಕ್ಕಳು ತಮ್ಮದಲ್ಲದ ತಪ್ಪಿಗೆ ತಲೆ ತಗ್ಗಿಸಿದ್ದಾರೆ ಎಂಬುದು ಇಲ್ಲಿ ಕುಳಿತ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಗಸಗಸೆ ಕಾಳಿಗೆ ನಮ್ಮವರು ನೌಕೆ ಕಳಿಸಿದ ಕಥೆ ಕೇಳಿ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಮಂಗಳಯಾನ ಹೊರಟಿತು. ಅಂದು ಮಂಗಳವಾರ! ಹೊಸ ಕೆಲಸಕ್ಕೆ ಆಗದು ಎಂದು ಎಷ್ಟೋ ಮನೆಗಳಲ್ಲಿ ದೂರವಿಡುವ ವಾರ. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಸುತ್ತ ತಿರುಗತೊಡಗಿತು. ಆಗ ಅದರ ಸಂದೇಶ ಭೂಮಿಗೆ ಬರಲು 12 ನಿಮಿಷ ಹಿಡಿಯುತ್ತಿತ್ತು. ಆ ಕ್ಷೀಣ ಸಂಕೇತವನ್ನು ಹಿಡಿದ ಆಂಟೆನಾಗಳಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದ 32 ಮೀಟರಿನ ಆಂಟೆನಾ ಒಂದು. ಆ ಯೋಜನೆಯಲ್ಲಿ ಮಹಿಳಾ ಎಂಜಿನಿಯರುಗಳ ಪಾಲು ದೊಡ್ಡದು. 2022ರಲ್ಲಿ ಸಂಪರ್ಕ ಕಡಿಯುವವರೆಗೆ ನೌಕೆ ಮಂಗಳನನ್ನು ಸುತ್ತಿತು. ಹೆಣ್ಣುಮಕ್ಕಳು ಮಂಗಳನಿಗೆ ಹೆದರಬೇಕಾದ ಕಾಲ ಮುಗಿದಿದೆ ಎಂದು ನನ್ನ ನಂಬಿಕೆ.

ಹೆದರಿಕೆಯ ಮಾತು ಬಂದದ್ದರಿಂದ ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. 1980ರ ಫೆಬ್ರವರಿ 16, ಶನಿವಾರ. ನನಗೆ ಆಗ ನಿಮ್ಮದೇ ವಯಸ್ಸು. ಅಂದು ಮಧ್ಯಾಹ್ನ ಉತ್ತರ ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಅಂಕೋಲದಲ್ಲಿ, ರಾಯಚೂರಿನಲ್ಲಿ ಹಗಲೇ ಕತ್ತಲಾಯಿತು. ನಮ್ಮ ಕಡೆ ಸೂರ್ಯನ ಬಹುಪಾಲು ಮುಚ್ಚಿತ್ತು, ಪೂರ್ತಿ ಮುಚ್ಚಲಿಲ್ಲ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನಮ್ಮ ಮನೆಯಲ್ಲಿ ಬಾಗಿಲು ಕಿಟಕಿ ಹಾಕಿ, ಸಂದುಗಳಿಗೆ ಬಟ್ಟೆ ತುರುಕಿ, ಮಕ್ಕಳನ್ನೆಲ್ಲ ನಡುಮನೆಯಲ್ಲಿ ಕೂರಿಸಿದ್ದರು. ಹೆಂಚಿನ ಮನೆ. ಹೆಂಚಿನ ಒಂದು ತೂತಿನಿಂದ ದಿನಾ ಗೋಡೆಯ ಮೇಲೆ ರೂಪಾಯಿ ಅಗಲದ ದುಂಡನೆಯ ಬಿಸಿಲು ಬೀಳುತ್ತಿತ್ತು. ಅಂದು ನೋಡುತ್ತಿದ್ದಂತೆ ಆ ದುಂಡು ಬಿಸಿಲನ್ನು ಯಾರೋ ಕಚ್ಚಿದಂತಾಯಿತು. ಕಚ್ಚು ಹಿಗ್ಗಿ ಹಿಗ್ಗಿ ಕೊನೆಗೆ ಗೋಡೆಯ ಮೇಲೆ ಉಳಿದದ್ದು ಕುಡುಗೋಲಿನಂಥ ಒಂದು ಗೆರೆ. ನಾನು ಅದನ್ನು ತೋರಿಸಿದೆ. ಅಜ್ಜಿ ಗಾಬರಿಯಾಗಿ ನನ್ನ ಮುಖ ತಿರುಗಿಸಿದರು. ಬಾಗಿಲು ಹಾಕಿಕೊಂಡಿದ್ದರೂ ಗ್ರಹಣ ಮಾಡಿನಿಂದ ಇಳಿದು ಒಳಗೆ ಬಂದಿತ್ತು. ಅದು ಏನೆಂದು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನನಗೆ ತಿಳಿದದ್ದು ಹತ್ತು ವರ್ಷ ಕಳೆದ ಮೇಲೆ.

ಈಗ ನಿಮಗೆ ಇಂದೇ ಹೇಳುತ್ತೇನೆ. ನೆಲ ನೋಡಿ. ಗರಿಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು. ಗರಿಯ ಸಂದು ಉದ್ದುದ್ದ, ಚೂಪುಚೂಪು. ಆದರೆ ಚುಕ್ಕೆಗಳು ಬಹುತೇಕ ದುಂಡಗೆ. ಏಕೆಂದರೆ ಅವು ಸಂದಿನ ಆಕಾರವಲ್ಲ, ಸೂರ್ಯನ ಚಿತ್ರ. ಸಣ್ಣ ತೂತಿನ ಮೂಲಕ ಬರುವ ಬೆಳಕು ಸೂರ್ಯನ ಚಿತ್ರವನ್ನು ನೆಲದ ಮೇಲೆ ಬರೆಯುತ್ತದೆ. ಸೂರ್ಯ ದುಂಡಗಿದ್ದರೆ ಚುಕ್ಕೆ ದುಂಡು, ಚಂದ್ರ ಅಡ್ಡ ಬಂದರೆ ಚುಕ್ಕೆ ಕುಡುಗೋಲು. ದಿನವೂ ಶಾಲೆಗೆ ಬರುವಾಗ ನೀವು ನೂರಾರು ಸೂರ್ಯರನ್ನು ತುಳಿದುಕೊಂಡು ಬರುತ್ತಿದ್ದೀರಿ.

ಇನ್ನೂ ಒಂದು ಸ್ವಾರಸ್ಯವಿದೆ. 50 ಅಡಿ ಎತ್ತರದ ತೆಂಗಿನ ಮರವೆಂದರೆ ಸುಮಾರು 15 ಮೀಟರು. ನಮ್ಮ ಲೆಕ್ಕದಲ್ಲಿ ಕಾಯಿಗೂ ರಾಗಿಕಾಳಿಗೂ ಇದ್ದ ದೂರವೂ ಅದೇ 15 ಮೀಟರು. ಅಂದರೆ ಅಂಥ ಮರದ ಬುಡದಲ್ಲಿ ಅಂಗೈ ಮೇಲೆ ರಾಗಿಕಾಳು ಇಟ್ಟುಕೊಂಡು ನಿಂತರೆ, ಮೇಲಿನ ಗೊನೆಯ ಕಾಯಿ ಎಷ್ಟು ಅಗಲ ಕಾಣುತ್ತದೋ ಆಕಾಶದ ಸೂರ್ಯನೂ ಅಷ್ಟೇ ಅಗಲ ಕಾಣುತ್ತಾನೆ. ಸೂರ್ಯನನ್ನು ನೇರವಾಗಿ ನೋಡಿ ಪರೀಕ್ಷಿಸಬೇಡಿ, ಕಣ್ಣು ಹೋಗುತ್ತದೆ. ಹುಣ್ಣಿಮೆ ಚಂದ್ರನ ಜೊತೆ ಹೋಲಿಸಿ. ನಮ್ಮ ಕಣ್ಣಿಗೆ ಇಬ್ಬರ ಅಗಲವೂ ಒಂದೇ. ಎರಡು ಬೆರಳು ದೂರದ ರವೆಯ ಕಣ ಅಷ್ಟು ದೊಡ್ಡ ಕಾಯಿಯನ್ನು ಮರೆಮಾಡುವುದು ಆ ಕಾರಣದಿಂದಲೇ. ಅದೇ ಸೂರ್ಯಗ್ರಹಣ. ನಮ್ಮ ಪಂಚಾಂಗ ಗ್ರಹಣದ ದಿನ, ಗಳಿಗೆಯನ್ನು ಮೊದಲೇ ಅಚ್ಚು ಹಾಕಿರುತ್ತದೆ. ಯಾವುದೋ ರಾಕ್ಷಸ ತನಗೆ ಹಸಿವಾದಾಗ ನುಂಗುವುದಾದರೆ ಆ ದಿನ ಮೊದಲೇ ತಿಳಿಯುವುದು ಹೇಗೆ? ಲೆಕ್ಕ ಹಾಕಿದವರಿಗೆ ಅದು ನೆರಳೆಂದು ಗೊತ್ತಿತ್ತು. ಹೆದರಿದವರು ಉಳಿದವರು.

ಇಂಥ ಮಾತನ್ನು ಕನ್ನಡದಲ್ಲಿ ಜನರಿಗೆ ಹೇಳಲು ಹೊರಟವರಲ್ಲಿ ನಾನು ಮೊದಲನೆಯವನೇನಲ್ಲ. 1874ರ ಡಿಸೆಂಬರ್ 9ರಂದು ಶುಕ್ರ ಗ್ರಹ ಸೂರ್ಯನ ಮುಖದ ಮೇಲೆ ಹಾದುಹೋಯಿತು. ನಮ್ಮ ತೋಟದ ಲೆಕ್ಕದಲ್ಲಿ, ಒಂದು ರಾಗಿಕಾಳಿನಿಂದ ನೋಡುವವನಿಗೆ ಇನ್ನೊಂದು ರಾಗಿಕಾಳು ತೆಂಗಿನಕಾಯಿಯ ಮುಂದೆ ಕಪ್ಪು ಚುಕ್ಕೆಯಾಗಿ ಸರಿಯಿತು. ಆಗ ಮದರಾಸಿನ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರ್ಯ ಎಂಬ ಖಗೋಳಜ್ಞರಿದ್ದರು. ಹಳೆಯ ಸಿದ್ಧಾಂತಗಳನ್ನೂ ಬಲ್ಲವರು, ದೂರದರ್ಶಕವನ್ನೂ ಬಲ್ಲವರು. ಈ ಶುಕ್ರಸಂಕ್ರಮದ ಬಗ್ಗೆ ಅವರು ಸಂವಾದ ರೂಪದಲ್ಲಿ ಒಂದು ಕಿರುಹೊತ್ತಗೆ ಬರೆದು ಹಲವು ಭಾಷೆಗಳಲ್ಲಿ ಹೊರತಂದರು. ಅವುಗಳಲ್ಲಿ ಕನ್ನಡವೂ ಒಂದು. ಪಂಚಾಂಗವನ್ನು ಕಣ್ಣಾರೆ ನೋಡಿದ ಆಕಾಶದೊಂದಿಗೆ ತಾಳೆ ಹಾಕಿ ತಿದ್ದಬೇಕೆಂಬುದು ಅವರ ಹಟ. ಸುಮಾರು ಒಂದೂವರೆ ಶತಮಾನದ ಹಿಂದೆಯೇ ಕನ್ನಡದಲ್ಲಿ ಸೌರವ್ಯೂಹದ ಪಾಠ ಅಚ್ಚಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಆ ಕಪ್ಪು ಚುಕ್ಕೆಗೆ ಅಷ್ಟೊಂದು ಮಹತ್ವ ಏಕೆ? ಹೆಬ್ಬೆರಳು ಮುಂದೆ ಚಾಚಿ, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಮರದಿಂದ ಆಚೀಚೆ ಸರಿದಂತೆ ಕಾಣುತ್ತದೆ. ಹಾಗೆಯೇ ಭೂಮಿಯ ಎರಡು ದೂರದ ಊರುಗಳಿಂದ ನೋಡಿದಾಗ ಶುಕ್ರನ ಚುಕ್ಕೆ ಸೂರ್ಯನ ಮೇಲೆ ತುಸು ಬೇರೆ ಬೇರೆ ದಾರಿಯಲ್ಲಿ ಸಾಗುತ್ತದೆ. ಆ ವ್ಯತ್ಯಾಸ ಅಳೆದರೆ ಸೂರ್ಯನ ದೂರ ಸಿಗುತ್ತದೆ. ನಾವು ಈಗ ಸಲೀಸಾಗಿ ಹೇಳುವ 15 ಕೋಟಿ ಕಿಲೋಮೀಟರು, ಹೀಗೆ ಹಡಗು ಹತ್ತಿ ದೇಶದೇಶಕ್ಕೆ ಹೋದವರ ಶ್ರಮದಿಂದ ಹಂತಹಂತವಾಗಿ ಸಿಕ್ಕಿದ ಸಂಖ್ಯೆ. ನಮ್ಮ ಕಾಲದಲ್ಲಿ ಶುಕ್ರ ಹಾಗೆ ಹಾದದ್ದು 2004 ಮತ್ತು 2012ರ ಜೂನ್ ತಿಂಗಳುಗಳಲ್ಲಿ. ಇನ್ನು ಬರುವುದು 2117ರಲ್ಲಿ. ನಿಮ್ಮ ಮೊಮ್ಮಕ್ಕಳಿಗೆ ಹೇಳಿಟ್ಟಿರಿ.

ಈ ಶುಕ್ರ ನಿಮಗೆ ಅಪರಿಚಿತನಲ್ಲ. ನಮ್ಮ ರೈತರು ‘ಬೆಳ್ಳಿ’ ಎನ್ನುವುದು ಅವನನ್ನೇ. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ಗಾಡಿ ಕಟ್ಟುತ್ತಿದ್ದರು. ಗಾತ್ರದಲ್ಲಿ ಭೂಮಿಯ ಜೋಡಿ ರಾಗಿಕಾಳು, ನೋಡಲು ಎಲ್ಲ ಗ್ರಹಗಳಿಗಿಂತ ಚೆಲುವ. ಆದರೆ ಹತ್ತಿರ ಹೋದರೆ ದಟ್ಟ ಇಂಗಾಲದ ಡೈ ಆಕ್ಸೈಡ್ ಹೊದಿಕೆ ಶಾಖವನ್ನು ಹೊರಗೆ ಬಿಡದೆ ಹಿಡಿದಿಟ್ಟಿದೆ. ಅಲ್ಲಿಯ ನೆಲದ ಬಿಸಿ 460 ಡಿಗ್ರಿಗೂ ಮೇಲೆ, ಸೀಸ ಕರಗುವಷ್ಟು. ಇನ್ನೊಂದು ಪಕ್ಕದ ಮಂಗಳನಲ್ಲಿ ಒಂದು ಕಾಲಕ್ಕೆ ನೀರು ಹರಿದ ಗುರುತುಗಳಿವೆ; ಈಗ ಗಾಳಿ ತೆಳು, ನೆಲ ಒಣ. ಎಂಟು ಗ್ರಹಗಳಲ್ಲಿ ತೆಂಗು ಬೆಳೆಯುವುದು ಒಂದರಲ್ಲಿ ಮಾತ್ರ. ಈ ಐವತ್ತು ಮರದ ಉದ್ದದ ಬಯಲಿನಲ್ಲಿ ಬಾವಿ, ಕೆರೆ, ಕಾಯಿಯೊಳಗಿನ ಎಳನೀರು ಎಲ್ಲ ಇರುವುದು ಆ ಒಂದು ರಾಗಿಕಾಳಿನ ಮೇಲೆಯೇ. ಅದನ್ನು ಕೆಡಿಸಿಕೊಂಡರೆ ಪಕ್ಕದ ತೋಟಕ್ಕೆ ಹೋಗಿ ಬದುಕುತ್ತೇವೆ ಎನ್ನುವ ಹಾಗಿಲ್ಲ.

ಕೊನೆಯದಾಗಿ ನಿಮಗೆ ಮನೆಗೆಲಸ. ಇದಕ್ಕೆ ಅಂಕವಿಲ್ಲ, ಆದ್ದರಿಂದ ಸಂತೋಷವಾಗಿ ಮಾಡಿ.

ಒಂದು. ಬೇಸಿಗೆ ರಜೆಯಲ್ಲಿ ಏಪ್ರಿಲ್ 25ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 22 ನಿಮಿಷದ ಹೊತ್ತಿಗೆ ತೋಟಕ್ಕೆ ಹೋಗಿ. ಆಗ ಸೂರ್ಯ ನಮ್ಮ ತಿಪಟೂರಿನ ನೆತ್ತಿಯ ಮೇಲೆ ನೇರವಾಗಿ ಇರುತ್ತಾನೆ. ನೆಟ್ಟಗೆ ಬೆಳೆದ ಮರದ ನೆರಳು ಬುಡಕ್ಕೇ ಬಂದು ಸೇರುತ್ತದೆ, ನಿಮ್ಮ ನೆರಳು ನಿಮ್ಮ ಕಾಲಡಿಗೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಹೆಚ್ಚೆಂದರೆ ಒಂದು ದಿನದ ಹಿಂದುಮುಂದು. ತಪ್ಪಿದರೆ ಚಿಂತೆಯಿಲ್ಲ, ಆಗಸ್ಟ್ 17ರ ಸುಮಾರಿಗೆ ಮತ್ತೊಮ್ಮೆ ಹಾಗಾಗುತ್ತದೆ. ಸ್ವಾತಂತ್ರ್ಯ ದಿನಾಚರಣೆ ಮುಗಿದ ಎರಡು ದಿನಕ್ಕೆ ಎಂದು ನೆನಪಿಡಿ. ಮೋಡ ಬಿಟ್ಟುಕೊಟ್ಟರೆ ಶಾಲೆಯ ಧ್ವಜಸ್ತಂಭವೇ ಸಾಕು. ಭೂಮಿ ಓರೆಯಾಗಿ ಸೂರ್ಯನನ್ನು ಸುತ್ತುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡು. ವರ್ಷದಲ್ಲಿ ಐದು ಗ್ರಹಗಳನ್ನೂ ಬರಿಗಣ್ಣಿನಿಂದ ಗುರುತಿಸಿ. ನಗರದ ಮಕ್ಕಳಿಗೆ ದೀಪಗಳ ಕಾಟ; ನಿಮ್ಮ ಹಳ್ಳಿಯ ಆಕಾಶ ಇನ್ನೂ ಕಪ್ಪಾಗಿದೆ. ನಕ್ಷತ್ರ ಮಿನುಗುತ್ತದೆ, ಗ್ರಹ ಹೆಚ್ಚು ಮಿನುಗದೆ ಬೆಳಗುತ್ತದೆ. ಬುಧ ಮಾತ್ರ ಸೂರ್ಯನ ಪಕ್ಕ ಬಿಡದ ನಾಚಿಕೆಯವನು, ಅವನಿಗಾಗಿ ಕಾಯಬೇಕು.

ಮೂರು. 2031ರ ಮೇ 21ರಂದು ಕೇರಳ ಮತ್ತು ತಮಿಳುನಾಡಿನ ದಕ್ಷಿಣ ಭಾಗದ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋಗುತ್ತದೆ. ನಮ್ಮಲ್ಲಿ ಪಾರ್ಶ್ವ ಗ್ರಹಣ. ಅಂದು ನೀವು ಕಾಲೇಜಿನಲ್ಲಿ ಇರುತ್ತೀರಿ, ಇಲ್ಲವೇ ತೋಟದ ಕೆಲಸದಲ್ಲಿ. ಎಲ್ಲಿದ್ದರೂ ಒಂದು ತೆಂಗಿನ ಮರದ ಕೆಳಗೆ ಬಂದು ನೆಲ ನೋಡಿ. ಪಕ್ಕದಲ್ಲಿ ಒಬ್ಬ ಚಿಕ್ಕ ಹುಡುಗನೋ ಹುಡುಗಿಯೋ ಇದ್ದರೆ ಅವರನ್ನೂ ಕರೆದು ತೋರಿಸಿ. ಅದು ಏನೆಂದು ಅವರು ಕೇಳಿದರೆ, ಉತ್ತರ ಹೇಳಲು ಅಂದು ನೀವು ಅಲ್ಲಿರುತ್ತೀರಿ.

ಇಷ್ಟು ಹೊತ್ತು ಬಿಸಿಲಲ್ಲಿ ನನ್ನ ಜೊತೆ ಐವತ್ತು ಮರ ನಡೆದಿರಿ.  ಹೋಗುವಾಗ ಆ ರಾಗಿಕಾಳನ್ನು ಮಾತ್ರ ತುಳಿಯಬೇಡಿ.